ಒಬ್ಬರ ಅರ್ಜಿ, ಇನ್ನೊಬ್ಬರ ಹೆಸರು: ವೆಬ್ ಸರ್ವರ್‌ಗಳಲ್ಲಿ ಥ್ರೆಡ್ ಸುರಕ್ಷತೆ

ಬ್ರೌಸರ್ ಕಳಿಸುವ ಪ್ರತಿ ಕೋರಿಕೆಯನ್ನೂ ಕೈಗೆತ್ತಿಕೊಂಡು ಉತ್ತರ ಸಿದ್ಧಪಡಿಸುವ ಕೋಡಿನ ಭಾಗಕ್ಕೆ ರಿಕ್ವೆಸ್ಟ್ ಹ್ಯಾಂಡ್ಲರ್ ಎಂದು ಹೆಸರು. ಜಾವಾ, ಪೈಥಾನ್, ರೂಬಿ ಮೊದಲಾದ ಭಾಷೆಗಳಲ್ಲಿ ಹ್ಯಾಂಡ್ಲರ್ ಸಾಮಾನ್ಯವಾಗಿ ಒಂದು ಕ್ಲಾಸ್. ಆ ಕ್ಲಾಸಿನಿಂದ ಹುಟ್ಟಿದ ಆಬ್ಜೆಕ್ಟ್ ತನ್ನೊಳಗೆ ಇಟ್ಟುಕೊಳ್ಳುವ ವೇರಿಯಬಲ್ಲೇ ಇನ್‌ಸ್ಟನ್ಸ್ ವೇರಿಯಬಲ್. ಅನೇಕ ಸರ್ವರ್‌ಗಳು ಇಂಥ ಒಂದೇ ಆಬ್ಜೆಕ್ಟನ್ನು ಸೃಷ್ಟಿಸಿಕೊಂಡು, ನೂರಾರು ಜನರ ಕೋರಿಕೆಗಳನ್ನು ಬೇರೆ ಬೇರೆ ಥ್ರೆಡ್‌ಗಳಲ್ಲಿ (ಒಂದೇ ಪ್ರೋಗ್ರಾಂನೊಳಗೆ ಜೊತೆಜೊತೆಗೆ ಓಡುವ ಕೆಲಸದ ಎಳೆಗಳಲ್ಲಿ) ಏಕಕಾಲಕ್ಕೆ ಅದರ ಮೂಲಕವೇ ಹಾಯಿಸುತ್ತವೆ. ಒಬ್ಬರಿಗೆ ಸೇರಿದ ಮಾಹಿತಿಯನ್ನು ಆ ಆಬ್ಜೆಕ್ಟಿನಲ್ಲಿ ಬರೆದಿಟ್ಟರೆ, ಮರುಕ್ಷಣ ಬಂದ ಇನ್ನೊಂದು ಕೋರಿಕೆ ಅದನ್ನು ಅಳಿಸಿ ತನ್ನದನ್ನು ಬರೆಯಬಹುದು. ಎಷ್ಟು ಥ್ರೆಡ್‌ಗಳು ಒಟ್ಟಿಗೆ ನುಗ್ಗಿದರೂ ಪ್ರತಿಯೊಬ್ಬರಿಗೂ ಅವರವರ ಉತ್ತರವೇ ಸಿಗುವಂತೆ ಕೋಡನ್ನು ರಚಿಸಿದ್ದರೆ ಆ ಹ್ಯಾಂಡ್ಲರ್ ಥ್ರೆಡ್ ಸುರಕ್ಷಿತ.

ಕರ್ನಾಟಕದಲ್ಲಿ ಇದು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳ ಒಳಮಾತಾಗಿ ಮಾತ್ರ ಉಳಿದಿಲ್ಲ. ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಜಮೀನು ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಿದ ‘ಭೂಮಿ’ ಯೋಜನೆಯಿಂದ ಈಚೆಗೆ ಪಹಣಿ, ಜಾತಿ-ಆದಾಯ ಪ್ರಮಾಣಪತ್ರ, ರೈತರ ನೋಂದಣಿ ಎಲ್ಲವೂ ಒಂದಲ್ಲ ಒಂದು ಸರ್ವರಿನ ಮೂಲಕವೇ ಆಗಬೇಕು. ರಾಯಚೂರು ನಗರದ ಕರ್ನಾಟಕ ಒನ್ ಕೇಂದ್ರವಿರಲಿ, ದೇವದುರ್ಗದ ನಾಡಕಚೇರಿಯಿರಲಿ, ಮಾನ್ವಿಯ ಸೈಬರ್ ಅಂಗಡಿಯಿರಲಿ, ‘ಸರ್ವರ್ ಡೌನ್’ ಎಂಬ ಮಾತು ಕೇಳದ ಅರ್ಜಿದಾರರು ಕಡಿಮೆ. ಸರ್ವರ್ ನಿಂತರೆ ಎಲ್ಲರಿಗೂ ಗೊತ್ತಾಗುತ್ತದೆ. ಥ್ರೆಡ್ ದೋಷ ಹಾಗಲ್ಲ. ಸರ್ವರ್ ಓಡುತ್ತಿರುತ್ತದೆ, ಪರದೆ ತೆರೆಯುತ್ತದೆ, ಪ್ರಿಂಟ್ ಬರುತ್ತದೆ. ಒಳಗಿನ ವಿವರ ಮಾತ್ರ ಬೇರೆಯವರದಾಗಿರುತ್ತದೆ.

ದೋಷದ ಸ್ವರೂಪ

ವಿವರಣೆಗಾಗಿ ಒಂದು ಕಲ್ಪಿತ ತಂತ್ರಾಂಶವನ್ನು ತೆಗೆದುಕೊಳ್ಳಬಹುದು; ಇದು ಯಾವ ಇಲಾಖೆಯ ವ್ಯವಸ್ಥೆಯ ವರ್ಣನೆಯೂ ಅಲ್ಲ. ಆದಾಯ ಪ್ರಮಾಣಪತ್ರ ಕೊಡುವ ಹ್ಯಾಂಡ್ಲರಿನಲ್ಲಿ ಮೂರು ಹೆಜ್ಜೆಗಳಿವೆ. ಮೊದಲನೆಯದು, ಕೋರಿಕೆಯಿಂದ ಅರ್ಜಿದಾರರ ಹೆಸರನ್ನು ಓದಿ ಇನ್‌ಸ್ಟನ್ಸ್ ವೇರಿಯಬಲ್ಲಿನಲ್ಲಿ ಇಡುವುದು. ಎರಡನೆಯದು, ಡೇಟಾಬೇಸಿನಿಂದ ಆದಾಯದ ವಿವರ ತರಿಸಿ, ಆ ಒಂದು ಕರೆಗೆ ಮಾತ್ರ ಸೇರಿದ ಲೋಕಲ್ ವೇರಿಯಬಲ್ಲಿನಲ್ಲಿ ಇಡುವುದು. ಮೂರನೆಯದು, ಹೆಸರು ಮತ್ತು ಆದಾಯವನ್ನು ಸೇರಿಸಿ ಪ್ರಮಾಣಪತ್ರ ಅಚ್ಚು ಹಾಕುವುದು.

ಮಾನ್ವಿ ತಾಲ್ಲೂಕಿನ ಕುರ್ಡಿಯಿಂದ ಶಿವಮ್ಮನ ಅರ್ಜಿ ಬರುತ್ತದೆ. ಅವಳ ಥ್ರೆಡ್ ಮೊದಲ ಹೆಜ್ಜೆ ಮುಗಿಸಿ, ಎರಡನೆಯ ಹೆಜ್ಜೆಯಲ್ಲಿ ಡೇಟಾಬೇಸಿನ ಉತ್ತರಕ್ಕೆ ಕಾಯುತ್ತ ನಿಂತಿದೆ. ಅಷ್ಟರಲ್ಲಿ ದೇವದುರ್ಗ ತಾಲ್ಲೂಕಿನ ಗಬ್ಬೂರಿನಿಂದ ರೇಣುಕಾಳ ಅರ್ಜಿ ಬಂದು, ಅದೇ ಆಬ್ಜೆಕ್ಟಿನ ಅದೇ ವೇರಿಯಬಲ್ಲಿನಲ್ಲಿ ತನ್ನ ಹೆಸರು ಬರೆಯುತ್ತದೆ. ಶಿವಮ್ಮನ ಥ್ರೆಡ್ ಮತ್ತೆ ಮುಂದುವರಿದಾಗ ಅಲ್ಲಿರುವುದು ರೇಣುಕಾಳ ಹೆಸರು. ಶಿವಮ್ಮನ ಆದಾಯದ ಮೇಲೆ ರೇಣುಕಾಳ ಹೆಸರು ಅಚ್ಚಾಗುತ್ತದೆ. ಹತ್ತು ಗುಮಾಸ್ತರು ತಮ್ಮ ತಮ್ಮ ಲೆಕ್ಕಕ್ಕೆ ಒಂದೇ ಪಾಟಿ ಇಟ್ಟುಕೊಂಡರೆ ಆಗುವ ಫಜೀತಿಯೇ ಇಲ್ಲಿ ಆಗಿರುವುದು.

ಇದರಲ್ಲಿ ರೇಣುಕಾಳಿಗೆ ಸಿಕ್ಕ ಪ್ರಮಾಣಪತ್ರ ಸರಿಯಾಗಿಯೇ ಇರುತ್ತದೆ. ಅವಳಿಂದ ದೂರು ಬರುವುದಿಲ್ಲ. ಸರ್ವರಿನ ಲಾಗ್‌ನಲ್ಲಿ ಎರಡೂ ಕೋರಿಕೆಗಳ ಮುಂದೆ ಯಶಸ್ಸನ್ನು ಸೂಚಿಸುವ 200 ಎಂಬ ಸಂಕೇತ ಇರುತ್ತದೆ. ಎರರ್ ಸಂದೇಶದ ಸುಳಿವೂ ಇರುವುದಿಲ್ಲ. ಶಿವಮ್ಮ ಕಾಗದ ಓದಿಸಿಕೊಂಡು ಮರಳಿ ಬಂದು ಮತ್ತೊಮ್ಮೆ ಅರ್ಜಿ ಹಾಕಿದರೆ ಈ ಸಲ ಸರಿಯಾದದ್ದೇ ಬರುತ್ತದೆ. ಟೈಪ್ ಮಾಡಿದವರ ತಪ್ಪು ಎಂದು ಎಲ್ಲರೂ ತೀರ್ಮಾನಿಸುತ್ತಾರೆ. ಇಬ್ಬರ ಹೆಸರೂ ಒಂದೇ ಆಗಿದ್ದರಂತೂ ತಪ್ಪು ಇನ್ನೂ ಆಳಕ್ಕೆ ಅಡಗುತ್ತದೆ. ಲಿಂಗಸುಗೂರು ತಾಲ್ಲೂಕಿನ ಗುರುಗುಂಟಾ ಅಮರೇಶ್ವರ ದೇವರ ಪ್ರಭಾವದಿಂದ ರಾಯಚೂರು ಜಿಲ್ಲೆಯಲ್ಲಿ ಅಮರೇಶ ಎಂಬ ಹೆಸರು ಊರೂರಿಗೂ ಇದೆ. ಹೀಗೆ ಬೆರೆತ ಎರಡು ಅರ್ಜಿಗಳೂ ಅಮರೇಶರದೇ ಆಗಿದ್ದರೆ, ತಂದೆಯ ಹೆಸರಿನ ಸಾಲನ್ನೋ ಸರ್ವೆ ನಂಬರನ್ನೋ ಬೆರಳಿಟ್ಟು ಓದುವವರೆಗೆ ತಪ್ಪು ಕಣ್ಣಿಗೇ ಬೀಳುವುದಿಲ್ಲ.

ಸಂದಣಿಯ ಗಣಿತ

ಪರೀಕ್ಷೆಯ ಹಂತದಲ್ಲಿ ಈ ದೋಷ ಏಕೆ ತಪ್ಪಿಸಿಕೊಳ್ಳುತ್ತದೆ ಎಂಬುದಕ್ಕೆ ಸರಳ ಲೆಕ್ಕವೇ ಉತ್ತರ. ವೇರಿಯಬಲ್ಲಿಗೆ ಬರೆದು ಮತ್ತೆ ಓದುವುದರ ನಡುವೆ 2 ಮಿಲಿಸೆಕೆಂಡ್ ಅಂತರವಿದೆ ಎಂದುಕೊಳ್ಳೋಣ. ಕೋರಿಕೆಗಳು ಕ್ರಮವಿಲ್ಲದೆ, ಸರಾಸರಿ ನಿಮಿಷಕ್ಕೆ ಒಂದರಂತೆ ಬರುತ್ತಿದ್ದರೆ, ಆ ಅಂತರದಲ್ಲಿ ಇನ್ನೊಂದು ಕೋರಿಕೆ ಬಂದು ಬೀಳುವ ಸಂಭವ 30,000ಕ್ಕೆ ಒಂದು. ಕಚೇರಿಯಲ್ಲಿ ಕೂತು ಒಬ್ಬರೇ ಪರೀಕ್ಷಿಸುವವರಿಗೆ ಅದು ಎಂದೂ ಕಾಣಿಸದು. ಸೆಕೆಂಡಿಗೆ 10 ಕೋರಿಕೆಗಳು ಬರತೊಡಗಿದರೆ ಅದೇ ಸಂಭವ ಸುಮಾರು 50ಕ್ಕೆ ಒಂದಾಗುತ್ತದೆ. ಒಂದು ಗಂಟೆಯ 36,000 ಕೋರಿಕೆಗಳಲ್ಲಿ ಏಳುನೂರರಷ್ಟು ಕೆಡಬಹುದು. ಡೇಟಾಬೇಸ್ ನಿಧಾನಿಸಿ ಅಂತರ 200 ಮಿಲಿಸೆಕೆಂಡಿಗೆ ಹಿಗ್ಗಿದರೆ ನೂರರಲ್ಲಿ ಎಂಬತ್ತಾರು ಕೋರಿಕೆಗಳು ಇನ್ನೊಂದರ ಹಾದಿಗೆ ಅಡ್ಡ ಬರುತ್ತವೆ.

ಸರ್ಕಾರಿ ಸೇವೆಗಳ ಸಂದಣಿ ವರ್ಷವಿಡೀ ಒಂದೇ ಸಮ ಇರುವುದೂ ಇಲ್ಲ. ಕಾಲೇಜು ಪ್ರವೇಶದ ಹೊತ್ತಿಗೆ ಜಾತಿ-ಆದಾಯ ಪತ್ರಗಳಿಗೆ ನೂಕುನುಗ್ಗಲು. ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ 371(ಜೆ) ವಿಧಿಯಡಿಯ ಅರ್ಹತಾ ಪತ್ರದ್ದೂ ಅದಕ್ಕೆ ಸೇರಿಕೊಳ್ಳುತ್ತದೆ. ಬೆಂಬಲ ಬೆಲೆಯ ಖರೀದಿಗೆ ಹೆಸರು ನೋಂದಾಯಿಸುವಾಗ, ಬೆಳೆ ವಿಮೆಯ ಕೊನೆಯ ದಿನ ಸಮೀಪಿಸಿದಾಗ ಮತ್ತೊಂದು ಅಲೆ. ದೋಷ ತಲೆ ಎತ್ತುವುದು ಅಂಥ ದಿನಗಳಲ್ಲೇ, ಅಂದರೆ ತಪ್ಪು ಪತ್ರವನ್ನು ತಿದ್ದಿಸಿಕೊಳ್ಳಲು ಜನರಿಗೆ ವೇಳೆ ಇಲ್ಲದಾಗ.

ದೋಷದ ಬಗೆಗಳು

ಮೇಲಿನದು ಮಾಹಿತಿ ಬೆರೆಯುವ ಬಗೆ. ಎರಡನೆಯದು ಎಣಿಕೆ ತಪ್ಪುವ ಬಗೆ. 2012ರ ಏಪ್ರಿಲ್‌ನಲ್ಲಿ ರಾಜ್ಯವ್ಯಾಪಿಯಾಗಿ ಜಾರಿಗೆ ಬಂದ ಸಕಾಲ ವ್ಯವಸ್ಥೆಯಲ್ಲಿ ಪ್ರತಿ ಅರ್ಜಿಗೂ 15 ಅಂಕಿಗಳ ಜಿಎಸ್‌ಸಿ ಸಂಖ್ಯೆ ಸಿಗುತ್ತದೆ. ಅರ್ಜಿ ಎಲ್ಲಿಗೆ ಬಂತು ಎಂದು ತಿಳಿಯಲು ಆ ಸಂಖ್ಯೆಯೇ ಆಧಾರ. ಇಂಥ ಸಂಖ್ಯೆಯನ್ನು ಯಾರಾದರೂ ಹ್ಯಾಂಡ್ಲರಿನ ಇನ್‌ಸ್ಟನ್ಸ್ ವೇರಿಯಬಲ್ಲಿನಲ್ಲಿಟ್ಟು ಒಂದೊಂದೇ ಕೂಡಿಸುತ್ತ ಹೋದರೆ ಏನಾಗುತ್ತದೆ? ನೋಡಲು ಒಂದೇ ಸಾಲಿನ ಕೋಡಾದರೂ ‘ಒಂದು ಕೂಡಿಸು’ ಎಂಬುದು ಪ್ರೊಸೆಸರಿಗೆ ಮೂರು ಕೆಲಸ: ಓದು, ಕೂಡಿಸು, ಬರೆ. ಎರಡು ಥ್ರೆಡ್‌ಗಳು ಒಟ್ಟಿಗೆ 4,101 ಎಂದು ಓದಿಕೊಂಡರೆ ಎರಡೂ 4,102 ಎಂದೇ ಬರೆಯುತ್ತವೆ. ಇಬ್ಬರು ಅರ್ಜಿದಾರರಿಗೆ ಒಂದೇ ಸಂಖ್ಯೆ ಹೋಗುತ್ತದೆ.

ಮೂರನೆಯ ಬಗೆ, ಪರೀಕ್ಷಿಸುವುದಕ್ಕೂ ನಡೆದುಕೊಳ್ಳುವುದಕ್ಕೂ ನಡುವೆ ಬಿರುಕು ಬೀಳುವುದು. ಇದಕ್ಕೆ ಮಾರುಕಟ್ಟೆಯ ಹರಾಜನ್ನು ಉದಾಹರಣೆಯಾಗಿ ನೋಡಬಹುದು. ಹತ್ತಿ ವಹಿವಾಟಿಗೆ ಹೆಸರಾದ ರಾಯಚೂರಿನ ಎಪಿಎಂಸಿಗೆ ಮಾನ್ವಿ, ದೇವದುರ್ಗದ ರೈತರೂ ಮಾಲು ತರುತ್ತಾರೆ. ಕರ್ನಾಟಕ ಸರ್ಕಾರ ಮತ್ತು ಎನ್‌ಸಿಡಿಇಎಕ್ಸ್ ಸ್ಪಾಟ್ ಎಕ್ಸ್‌ಚೇಂಜ್ ಜಂಟಿಯಾಗಿ ಕಟ್ಟಿದ ರಾಷ್ಟ್ರೀಯ ಇ-ಮಾರ್ಕೆಟ್ ಸರ್ವೀಸಸ್ ಸಂಸ್ಥೆಯ ಏಕೀಕೃತ ಮಾರುಕಟ್ಟೆ ವೇದಿಕೆ 2014ರಲ್ಲಿ ಆರಂಭವಾದ ಮೇಲೆ, ಪ್ರತಿ ರಾಶಿಗೂ ಲಾಟ್ ಸಂಖ್ಯೆ ಕೊಟ್ಟು ವರ್ತಕರಿಂದ ಕಂಪ್ಯೂಟರಿನಲ್ಲೇ ಟೆಂಡರ್ ಹಾಕಿಸುವ ಪದ್ಧತಿ ರಾಜ್ಯದ ಮಾರುಕಟ್ಟೆಗಳಿಗೆ ಬಂತು. ಈಗ ಯಾವುದೋ ಕಲ್ಪಿತ ಹರಾಜು ತಂತ್ರಾಂಶದಲ್ಲಿ ‘ಈವರೆಗಿನ ಗರಿಷ್ಠ ಬೆಲೆ’ ಎಂಬ ಒಂದೇ ವೇರಿಯಬಲ್ ಇದೆ, ಅದರಲ್ಲಿ ಕ್ವಿಂಟಲಿಗೆ 7,150 ರೂಪಾಯಿ ಇದೆ ಎನ್ನೋಣ. ಒಬ್ಬ ವರ್ತಕನಿಂದ 7,200, ಇನ್ನೊಬ್ಬನಿಂದ 7,250 ಒಂದೇ ಕ್ಷಣಕ್ಕೆ ಬರುತ್ತವೆ. ಎರಡು ಥ್ರೆಡ್‌ಗಳೂ 7,150ನ್ನು ಓದಿ ‘ನಮ್ಮದು ಹೆಚ್ಚು’ ಎಂದು ಖಾತ್ರಿಪಡಿಸಿಕೊಳ್ಳುತ್ತವೆ. ಮೊದಲು 7,250 ಬರೆದು, ಅದರ ಮೇಲೆ 7,200 ಬರೆದರೆ ರೈತನಿಗೆ ಕ್ವಿಂಟಲಿಗೆ 50 ರೂಪಾಯಿ ನಷ್ಟ. ಇದರ ಬದಲು ಬಂದ ಪ್ರತಿ ಬೆಲೆಯನ್ನೂ ಬೇರೆ ಬೇರೆ ಸಾಲಾಗಿ ಡೇಟಾಬೇಸಿನಲ್ಲಿ ಸೇರಿಸುತ್ತ ಹೋಗಿ, ವೇಳೆ ಮುಗಿದ ಮೇಲೆ ಗರಿಷ್ಠವನ್ನು ಹುಡುಕಿದರೆ ಈ ತಿಕ್ಕಾಟವೇ ಹುಟ್ಟುವುದಿಲ್ಲ. ಮುಚ್ಚಿದ ಟೆಂಡರಿಗೆ ಸಹಜವಾಗಿ ಒಗ್ಗುವ ವಿನ್ಯಾಸ ಅದು.

ನಾಲ್ಕನೆಯದು ಹೊರಗಿನಿಂದ ನಿರುಪದ್ರವಿಯಂತೆ ಕಾಣುವ ಸಹಾಯಕ ಆಬ್ಜೆಕ್ಟುಗಳ ಬಗೆ. ಜಾವಾದಲ್ಲಿ ದಿನಾಂಕವನ್ನು ಬೇಕಾದ ರೂಪಕ್ಕೆ ತರುವ ‘ಸಿಂಪಲ್ ಡೇಟ್ ಫಾರ್ಮ್ಯಾಟ್’ ಇದಕ್ಕೆ ಹೆಸರುವಾಸಿ ಉದಾಹರಣೆ. ಮತ್ತೆ ಮತ್ತೆ ಸೃಷ್ಟಿಸುವ ಖರ್ಚು ಉಳಿಸಲು ಇದನ್ನು ಹ್ಯಾಂಡ್ಲರಿನಲ್ಲಿ ಒಮ್ಮೆ ಇಟ್ಟುಕೊಂಡು ಎಲ್ಲರಿಗೂ ಬಳಸುವುದು ರೂಢಿಯಾಗಿತ್ತು. ಆದರೆ ಅದು ತನ್ನ ಲೆಕ್ಕಾಚಾರದ ನಡುವಿನ ಸ್ಥಿತಿಯನ್ನು ತನ್ನೊಳಗೇ ಇಟ್ಟುಕೊಳ್ಳುವುದರಿಂದ, ಎರಡು ಥ್ರೆಡ್‌ಗಳು ಒಟ್ಟಿಗೆ ಬಳಸಿದಾಗ ಇಲ್ಲದ ತಾರೀಕುಗಳು ಹೊರಬರುತ್ತವೆ. 2014ರಲ್ಲಿ ಬಂದ ಜಾವಾ 8ರಲ್ಲಿ, ಒಮ್ಮೆ ಸೃಷ್ಟಿಯಾದ ಮೇಲೆ ಬದಲಾಗದ ‘ಡೇಟ್ ಟೈಮ್ ಫಾರ್ಮ್ಯಾಟರ್’ ಸೇರ್ಪಡೆಯಾಯಿತು.

ಇನ್ನೊಂದು ತೊಡಕು ಕಣ್ಣಿಗೆ ಕಾಣುವುದಲ್ಲ. ಒಂದು ಥ್ರೆಡ್ ಬರೆದದ್ದು ಇನ್ನೊಂದಕ್ಕೆ ಕೂಡಲೇ ಕಾಣಿಸಬೇಕೆಂಬ ಖಾತರಿ ಇಲ್ಲ. ಪ್ರೊಸೆಸರಿನ ಕ್ಯಾಶೆಯೂ ಕಂಪೈಲರಿನ ಮರುಜೋಡಣೆಯೂ ನಡುವೆ ಬರುತ್ತವೆ. ಜಾವಾದಲ್ಲಿ ಈ ಖಾತರಿಗಳ ನಿಯಮಗಳನ್ನು ಸ್ಪಷ್ಟಗೊಳಿಸಿದ್ದು 2004ರ ಜಾವಾ 5ರೊಂದಿಗೆ ಬಂದ ಹೊಸ ಮೆಮೊರಿ ಮಾದರಿ.

ಇತಿಹಾಸ

ವೆಬ್‌ನ ಆರಂಭದಲ್ಲಿ ಈ ಸಮಸ್ಯೆ ಇರಲಿಲ್ಲ. 1993ರಲ್ಲಿ ಅಮೆರಿಕದ ಎನ್‌ಸಿಎಸ್‌ಎ ಸರ್ವರಿನೊಂದಿಗೆ ಬಳಕೆಗೆ ಬಂದ ಸಿಜಿಐ ಪದ್ಧತಿಯಲ್ಲಿ ಪ್ರತಿ ಕೋರಿಕೆಗೂ ಹೊಸದಾಗಿ ಒಂದು ಪ್ರೋಗ್ರಾಂ ಹುಟ್ಟಿ, ಉತ್ತರ ಕೊಟ್ಟು ಸಾಯುತ್ತಿತ್ತು. ಹಂಚಿಕೊಳ್ಳಲು ಮೆಮೊರಿಯೇ ಇರಲಿಲ್ಲ. ಆದರೆ ಪ್ರತಿಸಲ ಪ್ರೋಗ್ರಾಂ ಎಬ್ಬಿಸುವುದು ದುಬಾರಿ. ಜನ ಹೆಚ್ಚಿದಂತೆ ಸರ್ವರ್ ಏದುಸಿರು ಬಿಡುತ್ತಿತ್ತು.

ಸನ್ ಮೈಕ್ರೋಸಿಸ್ಟಮ್ಸ್ 1997ರಲ್ಲಿ ಹೊರತಂದ ಜಾವಾ ಸರ್ವ್‌ಲೆಟ್ ಇದಕ್ಕೆ ಕಂಡುಕೊಂಡ ಪರಿಹಾರ ಬೇರೆ. ಹ್ಯಾಂಡ್ಲರ್ ಆಬ್ಜೆಕ್ಟ್ ಒಮ್ಮೆ ಹುಟ್ಟಿ ಸರ್ವರ್ ನಿಲ್ಲುವವರೆಗೆ ಬದುಕಿರುತ್ತದೆ. ಕೋರಿಕೆಗಳು ಬಂದಂತೆ ಥ್ರೆಡ್‌ಗಳು ಅದರ ಮೆಥಡನ್ನು ಕರೆಯುತ್ತವೆ. ಸರ್ವ್‌ಲೆಟ್‌ಗಳನ್ನು ಓಡಿಸುವ ಟಾಮ್‌ಕ್ಯಾಟ್‌ನಲ್ಲಿ ಯಾರೂ ಬದಲಿಸದಿದ್ದರೆ ಗರಿಷ್ಠ 200 ಥ್ರೆಡ್‌ಗಳು ಹೀಗೆ ಕೆಲಸ ಮಾಡುತ್ತವೆ. ವೇಗ ಬಂತು, ಜೊತೆಗೆ ಹಂಚಿಕೆಯ ಅಪಾಯವೂ ಬಂತು. ಕೋರಿಕೆ ಮತ್ತು ಉತ್ತರದ ಆಬ್ಜೆಕ್ಟುಗಳು ಪ್ರತಿ ಕರೆಗೂ ಪ್ರತ್ಯೇಕ, ಮೆಥಡ್‌ನೊಳಗಿನ ಲೋಕಲ್ ವೇರಿಯಬಲ್‌ಗಳೂ ಆಯಾ ಥ್ರೆಡ್ಡಿನ ಸ್ಟ್ಯಾಕ್‌ನಲ್ಲೇ ಇರುತ್ತವೆ. ಸರ್ವ್‌ಲೆಟ್‌ನ ಇನ್‌ಸ್ಟನ್ಸ್ ವೇರಿಯಬಲ್ ಮಾತ್ರ ಸಾರ್ವಜನಿಕ.

ಬರೆಯುವವರು ಎಡವುತ್ತಿರುವುದನ್ನು ಕಂಡು ಸರ್ವ್‌ಲೆಟ್ 2.0ರಲ್ಲಿ ‘ಸಿಂಗಲ್ ಥ್ರೆಡ್ ಮಾಡೆಲ್’ ಎಂಬ ಇಂಟರ್‌ಫೇಸ್ ಕೊಡಲಾಯಿತು. ಅದನ್ನು ಘೋಷಿಸಿದ ಸರ್ವ್‌ಲೆಟ್‌ನ ಒಂದು ಆಬ್ಜೆಕ್ಟಿನೊಳಗೆ ಎರಡು ಥ್ರೆಡ್‌ಗಳು ಒಟ್ಟಿಗೆ ಹೋಗದಂತೆ ಸರ್ವರ್ ನೋಡಿಕೊಳ್ಳುತ್ತಿತ್ತು. ಇದು ಹುಸಿ ಭರವಸೆ ಎಂದು ಬೇಗನೆ ತಿಳಿಯಿತು. ಸ್ಟ್ಯಾಟಿಕ್ ವೇರಿಯಬಲ್‌ಗಳು, ಸೆಷನ್‌ನಲ್ಲಿ (ಒಬ್ಬ ಬಳಕೆದಾರರ ಲಾಗಿನ್ ಅವಧಿಯ ಸಂಗ್ರಹದಲ್ಲಿ) ಇಟ್ಟ ವಸ್ತುಗಳು, ಫೈಲುಗಳು ಆಗಲೂ ಹಂಚಿಕೆಯಲ್ಲೇ ಉಳಿಯುತ್ತಿದ್ದವು; ಸರ್ವರ್ ಒಂದರ ಬದಲು ಹಲವು ಆಬ್ಜೆಕ್ಟುಗಳನ್ನು ಇಟ್ಟುಕೊಂಡರೆ ಮೆಮೊರಿ ವ್ಯರ್ಥ, ಸರದಿಯಲ್ಲಿ ನಿಲ್ಲಿಸಿದರೆ ವೇಗ ವ್ಯರ್ಥ. 2003ರ ಸರ್ವ್‌ಲೆಟ್ 2.4ರಲ್ಲಿ ಅದನ್ನು ಬಳಸಬಾರದೆಂದು ಸೂಚಿಸಲಾಯಿತು. 2022ರ ಜಕಾರ್ತಾ ಸರ್ವ್‌ಲೆಟ್ 6.0ರಲ್ಲಿ ತೆಗೆದೇಹಾಕಲಾಯಿತು.

ಭಾಷೆ, ಚೌಕಟ್ಟುಗಳಲ್ಲಿನ ವ್ಯತ್ಯಾಸ

ಇನ್‌ಸ್ಟನ್ಸ್ ವೇರಿಯಬಲ್ ಎಂದ ಮಾತ್ರಕ್ಕೆ ಅದು ಅಪಾಯಕಾರಿ ಅಲ್ಲ. ಆಬ್ಜೆಕ್ಟನ್ನು ಯಾರು ಹುಟ್ಟಿಸುತ್ತಾರೆ, ಅದು ಎಷ್ಟು ಕೋರಿಕೆಗಳ ಕಾಲ ಬದುಕುತ್ತದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಒಂದು ಚೌಕಟ್ಟಿನಲ್ಲಿ (ಫ್ರೇಮ್‌ವರ್ಕ್) ಕಲಿತ ಅಭ್ಯಾಸವನ್ನು ಇನ್ನೊಂದಕ್ಕೆ ಹೊತ್ತೊಯ್ದಾಗಲೇ ಅನೇಕ ದೋಷಗಳು ಹುಟ್ಟುತ್ತವೆ.

ರೂಬಿ ಆನ್ ರೇಲ್ಸ್‌ನಲ್ಲಿ ಪ್ರತಿ ಕೋರಿಕೆಗೂ ಹೊಸ ಕಂಟ್ರೋಲರ್ (ಹ್ಯಾಂಡ್ಲರಿಗೆ ಅಲ್ಲಿನ ಹೆಸರು) ಆಬ್ಜೆಕ್ಟ್ ಹುಟ್ಟುತ್ತದೆ. ಅಲ್ಲಿ ಇನ್‌ಸ್ಟನ್ಸ್ ವೇರಿಯಬಲ್ಲಿನಲ್ಲಿ ಮಾಹಿತಿ ಇಟ್ಟು ಪುಟದ ಅಚ್ಚಿಗೆ ಒಪ್ಪಿಸುವುದೇ ಅಧಿಕೃತ ರೀತಿ. ಅದಕ್ಕೆ ಒಗ್ಗಿದ ಕೋಡ್ ಬರಹಗಾರ ಜಾವಾದ ಸ್ಪ್ರಿಂಗ್ ಚೌಕಟ್ಟಿಗೆ ಬಂದು ಹಾಗೆಯೇ ಬರೆದರೆ ಮಾನ್ವಿಯ ಮಾಹಿತಿ ದೇವದುರ್ಗಕ್ಕೆ ಹೋದಂತೆಯೇ ಸರಿ. ಸ್ಪ್ರಿಂಗ್‌ನಲ್ಲಿ ಬೇರೆ ಏನನ್ನೂ ಹೇಳದಿದ್ದರೆ ಕಂಟ್ರೋಲರ್ ಇಡೀ ಅಪ್ಲಿಕೇಶನ್ನಿಗೆ ಒಂದೇ. ಜಾವಾದ ಇನ್ನೊಂದು ಚೌಕಟ್ಟಾದ ಸ್ಟ್ರಟ್ಸ್‌ನ ಎರಡು ಆವೃತ್ತಿಗಳ ನಡುವೆಯೇ ಈ ವ್ಯತ್ಯಾಸವಿದೆ: ಸ್ಟ್ರಟ್ಸ್ 1ರಲ್ಲಿ ಆ್ಯಕ್ಷನ್ ಒಂದೇ ಆಬ್ಜೆಕ್ಟ್, ಸ್ಟ್ರಟ್ಸ್ 2ರಲ್ಲಿ ಪ್ರತಿ ಕೋರಿಕೆಗೊಂದು.

ರೇಲ್ಸ್ ಕೂಡ ಮೊದಲಿನಿಂದ ನಿಶ್ಚಿಂತವಾಗಿರಲಿಲ್ಲ. ಚೌಕಟ್ಟಿನ ಒಳಭಾಗ ಥ್ರೆಡ್ ಸುರಕ್ಷಿತವಾದದ್ದು 2008ರ 2.2 ಆವೃತ್ತಿಯಲ್ಲಿ, ಅದಕ್ಕೆ ಮೊದಲು ಒಂದು ದೊಡ್ಡ ಬೀಗ ಹಾಕಿ ಒಂದು ಪ್ರಾಸೆಸ್‌ನಲ್ಲಿ ಒಂದೇ ಕೋರಿಕೆಯನ್ನು ಒಳಗೆ ಬಿಡಲಾಗುತ್ತಿತ್ತು. ಹೊಸ ಸೌಲಭ್ಯ ತಾನಾಗಿಯೇ ಚಾಲೂ ಇರುವಂತಾದದ್ದು 2013ರ ರೇಲ್ಸ್ 4ರಲ್ಲಿ.

ಪೈಥಾನ್‌ನ ಜಾಂಗೋದಲ್ಲಿ ಕ್ಲಾಸ್ ಆಧಾರಿತ ವ್ಯೂಗಳು ಪ್ರತಿ ಕೋರಿಕೆಗೂ ಹೊಸದಾಗಿ ಹುಟ್ಟುತ್ತವೆ. ಆದರೆ ಕ್ಲಾಸಿನ ಮಟ್ಟದಲ್ಲಿಟ್ಟ ಲಿಸ್ಟ್ ಅಥವಾ ಡಿಕ್ಷನರಿ ಎಲ್ಲರದೂ ಹೌದು. ಟೆಂಪ್ಲೇಟಿನ ಟ್ಯಾಗ್‌ಗಳ ಆಬ್ಜೆಕ್ಟುಗಳೂ ಥ್ರೆಡ್‌ಗಳ ನಡುವೆ ಹಂಚಿಕೆಯಾಗಬಹುದೆಂದು ಜಾಂಗೋದ ಕೈಪಿಡಿಯೇ ಎಚ್ಚರಿಸುತ್ತದೆ. ಡಾಟ್‌ನೆಟ್‌ನ ಹಳೆಯ ಹ್ಯಾಂಡ್ಲರ್‌ಗಳಲ್ಲಿ ‘ಈ ಆಬ್ಜೆಕ್ಟನ್ನು ಮರುಬಳಸಬಹುದೇ’ ಎಂದು ಬರೆಯುವವರೇ ಹೌದು-ಅಲ್ಲ ಹೇಳಬೇಕಿತ್ತು. ಗೋ ಭಾಷೆಯಲ್ಲಿ ಪ್ರತಿ ಸಂಪರ್ಕಕ್ಕೂ ಹೊಸ ಗೋರೊಟೀನ್ (ಹಗುರವಾದ ಥ್ರೆಡ್) ಹುಟ್ಟಿದರೂ ಹ್ಯಾಂಡ್ಲರ್ ಮಾತ್ರ ಒಂದೇ. ಅದರೊಳಗಿನ ಮ್ಯಾಪ್‌ಗೆ ಇಬ್ಬರು ಒಟ್ಟಿಗೆ ಬರೆಯುವುದು ಪತ್ತೆಯಾದರೆ ಪ್ರೋಗ್ರಾಂ ಅಲ್ಲೇ ನಿಲ್ಲುತ್ತದೆ. ಪಿಎಚ್‌ಪಿ ಇವೆಲ್ಲಕ್ಕಿಂತ ಹಳೆಯ ದಾರಿ ಹಿಡಿದಿದೆ: ಕೋರಿಕೆ ಮುಗಿದೊಡನೆ ಸ್ಕ್ರಿಪ್ಟಿನ ವೇರಿಯಬಲ್‌ಗಳೆಲ್ಲ ಅಳಿಯುತ್ತವೆ, ಮುಂದಿನವರಿಗೆ ಖಾಲಿ ಅಂಗಳ.

ಒಂದೇ ಥ್ರೆಡ್ಡಿನಲ್ಲಿ ಓಡುವ ನೋಡ್‌ಜೆಎಸ್‌ಗೆ ಇದರ ಚಿಂತೆಯಿಲ್ಲ ಎನ್ನುವುದೂ ಪೂರ್ತಿ ನಿಜವಲ್ಲ. ಡೇಟಾಬೇಸಿಗೆ ಕಾಯುವ ‘ಅವೇಟ್’ ಇರುವಲ್ಲೆಲ್ಲ ಒಂದು ಕೋರಿಕೆ ಬದಿಗೆ ಸರಿದು ಇನ್ನೊಂದು ಒಳಬರುತ್ತದೆ. ಶಿವಮ್ಮನ ಹೆಸರನ್ನು ಮಾಡ್ಯೂಲಿನ ವೇರಿಯಬಲ್ಲಿನಲ್ಲಿಟ್ಟು ಕಾಯಲು ಹೋದರೆ, ಥ್ರೆಡ್ ಒಂದೇ ಆಗಿದ್ದರೂ ಮರಳುವ ಹೊತ್ತಿಗೆ ಅಲ್ಲಿ ರೇಣುಕಾ ಇರುತ್ತಾಳೆ.

ದಾಖಲಾದ ಎರಡು ಘಟನೆಗಳು

2021ರ ಮಾರ್ಚ್ 8ರಂದು ಕೋಡ್ ಹಂಚಿಕೆಯ ತಾಣವಾದ ಗಿಟ್‌ಹಬ್ ತನ್ನ ಬಳಕೆದಾರರೆಲ್ಲರನ್ನೂ ಒಮ್ಮೆಗೇ ಲಾಗೌಟ್ ಮಾಡಿತು. ಮಾರ್ಚ್ 2ರಂದು ಬಂದ ಒಂದು ವಿಚಿತ್ರ ದೂರು ಇದಕ್ಕೆ ಮೂಲ: ಲಾಗಿನ್ ಆಗಿದ್ದವರೊಬ್ಬರ ಸೆಷನ್ ಅಸಹಜವಾಗಿ ವರ್ತಿಸಿತ್ತು. ತನಿಖೆಯಲ್ಲಿ ಸಿಕ್ಕ ಕಾರಣ ಪಠ್ಯಪುಸ್ತಕದ ಪಾಠದಂತಿತ್ತು. ಗಿಟ್‌ಹಬ್ ಬಳಸುತ್ತಿದ್ದ ಯೂನಿಕಾರ್ನ್ ಸರ್ವರ್ ಒಂದು ಪ್ರಾಸೆಸ್‌ನಲ್ಲಿ ಒಮ್ಮೆಗೆ ಒಂದೇ ಕೋರಿಕೆ ನಡೆಸುತ್ತದೆ. ಹಾಗಾಗಿ ಕೋರಿಕೆಯ ವಿವರ ಇಡುವ ಹ್ಯಾಶ್ ಆಬ್ಜೆಕ್ಟನ್ನು ಪ್ರತಿಸಲ ಹೊಸದಾಗಿ ಮಾಡದೆ ಅದನ್ನೇ ತೊಳೆದು ಮರುಬಳಸುತ್ತಿತ್ತು. ವೇಗ ಹೆಚ್ಚಿಸಲೆಂದು ಅಪ್ಲಿಕೇಶನ್ನಿಗೆ ಒಂದು ಹಿನ್ನೆಲೆ ಥ್ರೆಡ್ ಸೇರಿಸಿದಾಗ, ಹಳೆಯ ಕೋರಿಕೆಯ ನಂಟು ಕಡಿದುಕೊಳ್ಳದ ಆ ಥ್ರೆಡ್ ಹೊಸ ಕೋರಿಕೆಯ ಅದೇ ಆಬ್ಜೆಕ್ಟಿಗೆ ಕೈಹಾಕಿತು. ಬಲು ಅಪರೂಪದ ಸಮಯದ ಹೊಂದಾಣಿಕೆಯಲ್ಲಿ ಒಬ್ಬರ ಸೆಷನ್ ಕುಕಿ ಇನ್ನೊಬ್ಬರ ಬ್ರೌಸರಿಗೆ ಹೋಯಿತು. ಫೆಬ್ರುವರಿ 8ರಿಂದ ಮಾರ್ಚ್ 5ರ ನಡುವೆ, ಒಟ್ಟು ಎರಡು ವಾರಕ್ಕಿಂತ ಕಡಿಮೆ ಅವಧಿ ದೋಷವಿತ್ತೆಂದೂ, ಕೆಟ್ಟದ್ದು ಶೇಕಡಾ 0.001ಕ್ಕಿಂತ ಕಡಿಮೆ ಸೆಷನ್‌ಗಳೆಂದೂ ಕಂಪನಿ ಪ್ರಕಟಿಸಿತು.

ಎರಡು ವರ್ಷಗಳ ನಂತರ, 2023ರ ಮಾರ್ಚ್ 20ರಂದು ಓಪನ್‌ಎಐ ಕಂಪನಿಯ ಚಾಟ್‌ಜಿಪಿಟಿಯನ್ನು ಕೆಲ ಹೊತ್ತು ನಿಲ್ಲಿಸಬೇಕಾಯಿತು. ಕೆಲವರಿಗೆ ಬೇರೆಯವರ ಸಂಭಾಷಣೆಗಳ ಶೀರ್ಷಿಕೆಗಳು ಕಾಣುತ್ತಿದ್ದವು. ಇಲ್ಲಿ ಹಂಚಿಕೆಯಾದದ್ದು ರೆಡಿಸ್ ಡೇಟಾಬೇಸಿಗೆ ಹೋಗುವ ಸಂಪರ್ಕ. ಕೋರಿಕೆ ಹೋದ ಮೇಲೆ, ಉತ್ತರ ಬರುವ ಮೊದಲು ಅದು ರದ್ದಾದರೆ ಉತ್ತರ ಸಂಪರ್ಕದ ಸಾಲಿನಲ್ಲೇ ಉಳಿಯುತ್ತಿತ್ತು. ಅದೇ ಸಂಪರ್ಕವನ್ನು ಮುಂದೆ ಪಡೆದವರಿಗೆ ಹಿಂದಿನವರ ಉತ್ತರ ಸಿಗುತ್ತಿತ್ತು. ಒಂಬತ್ತು ಗಂಟೆಗಳ ಅವಧಿಯಲ್ಲಿ ಸಕ್ರಿಯರಾಗಿದ್ದ ಹಣ ಕೊಟ್ಟ ಚಂದಾದಾರರಲ್ಲಿ ಶೇಕಡಾ 1.2ರಷ್ಟು ಮಂದಿಯ ಪಾವತಿ ವಿವರಗಳು ಹೀಗೆ ಬೇರೆಯವರಿಗೆ ಕಂಡಿರಬಹುದೆಂದು ಓಪನ್‌ಎಐ ತಿಳಿಸಿತು.

ಈ ಎರಡೂ ಘಟನೆಗಳಲ್ಲಿ ಹ್ಯಾಂಡ್ಲರ್ ಬರೆದವರು ಯಾವ ಇನ್‌ಸ್ಟನ್ಸ್ ವೇರಿಯಬಲ್ಲನ್ನೂ ತಪ್ಪಾಗಿ ಬಳಸಿರಲಿಲ್ಲ. ಹಂಚಿಕೆ ಅವರ ಕೈಕೆಳಗಿನ ಪದರದಲ್ಲಿತ್ತು.

ಸೆಷನ್ ಮತ್ತು ಥ್ರೆಡ್‌ಲೋಕಲ್

ಇನ್‌ಸ್ಟನ್ಸ್ ವೇರಿಯಬಲ್ ಬೇಡವೆಂದರೆ ಸೆಷನ್‌ನಲ್ಲಿ ಇಡೋಣ ಎಂಬ ಸಲಹೆ ತಕ್ಷಣ ಬರುತ್ತದೆ. ಸೆಷನ್ ಒಬ್ಬ ಬಳಕೆದಾರರದು, ನಿಜ. ಆದರೆ ಒಬ್ಬರು ಒಮ್ಮೆಗೆ ಒಂದೇ ಕೆಲಸ ಮಾಡುತ್ತಾರೆ ಎಂಬ ಊಹೆ ಗ್ರಾಮ ಒನ್ ಕೇಂದ್ರದಲ್ಲಿ ನಿಲ್ಲುವುದಿಲ್ಲ. ಅಲ್ಲಿ ಲಾಗಿನ್ ಆಗಿರುವುದು ಆಪರೇಟರ್. ಎದುರಿಗೆ ನಿಂತವರು ಹತ್ತು ಮಂದಿ. ಒಂದು ಟ್ಯಾಬ್‌ನಲ್ಲಿ ಒಬ್ಬರ ಒಟಿಪಿಗೆ ಕಾಯುತ್ತ, ಇನ್ನೊಂದು ಟ್ಯಾಬ್‌ನಲ್ಲಿ ಮತ್ತೊಬ್ಬರ ಅರ್ಜಿ ತೆರೆಯುವುದು ಸಹಜ. ‘ಈಗಿನ ಅರ್ಜಿದಾರ’ ಎಂಬುದನ್ನು ಸೆಷನ್‌ನಲ್ಲಿಟ್ಟ ತಂತ್ರಾಂಶದಲ್ಲಿ ಎರಡನೆಯ ಟ್ಯಾಬ್ ಮೊದಲನೆಯದರ ಮೇಲೆ ಬರೆಯುತ್ತದೆ. ಇದಕ್ಕೆ ಎರಡು ಥ್ರೆಡ್‌ಗಳ ಮಿಲಿಸೆಕೆಂಡಿನ ಪೈಪೋಟಿಯೂ ಬೇಕಿಲ್ಲ. ಅರ್ಜಿಯ ಸಂಖ್ಯೆಯನ್ನು ಪ್ರತಿ ಕೋರಿಕೆಯ ಜೊತೆಗೇ ಕಳಿಸಿ, ಅದನ್ನು ನೋಡುವ ಅಧಿಕಾರ ಆ ಲಾಗಿನ್ನಿಗೆ ಇದೆಯೇ ಎಂದು ಸರ್ವರಿನಲ್ಲಿ ಪ್ರತಿಸಲ ಪರೀಕ್ಷಿಸುವುದು ಸರಿಯಾದ ದಾರಿ.

ಥ್ರೆಡ್‌ಲೋಕಲ್ ಎಂಬುದು ಪ್ರತಿ ಥ್ರೆಡ್ಡಿಗೂ ಪ್ರತ್ಯೇಕ ಪ್ರತಿ ಕೊಡುವ ವೇರಿಯಬಲ್. ಇದರಲ್ಲಿ ಇಬ್ಬರು ಒಟ್ಟಿಗೆ ಬರೆಯುವ ಪ್ರಶ್ನೆ ಇಲ್ಲ. ಆದರೆ ಸರ್ವರ್‌ಗಳು ಥ್ರೆಡ್‌ಗಳನ್ನು ಕೊಳದಲ್ಲಿಟ್ಟು ಮರುಬಳಸುತ್ತವೆ. ಒಂದು ಕೋರಿಕೆ ಮುಗಿಸುವಾಗ ಅಳಿಸಲು ಮರೆತದ್ದು ಅದೇ ಥ್ರೆಡ್ ಮುಂದೆ ಎತ್ತಿಕೊಂಡ ಅಪರಿಚಿತರ ಕೋರಿಕೆಗೆ ಅಂಟಿಕೊಳ್ಳುತ್ತದೆ.

ಪರಿಹಾರಗಳು

ಅತಿ ಅಗ್ಗದ ಪರಿಹಾರವೇ ಅತಿ ಒಳ್ಳೆಯದು: ಕೋರಿಕೆಗೆ ಸೇರಿದ್ದನ್ನು ಲೋಕಲ್ ವೇರಿಯಬಲ್ಲಿನಲ್ಲಿ ಇಟ್ಟು, ಬೇಕಾದ ಮೆಥಡ್‌ಗಳಿಗೆ ಪ್ಯಾರಾಮೀಟರ್ ಆಗಿ ದಾಟಿಸುವುದು. ಶಿವಮ್ಮನ ಉದಾಹರಣೆಯಲ್ಲಿ ಹೆಸರಿನ ಘೋಷಣೆಯನ್ನು ಕ್ಲಾಸಿನಿಂದ ಮೆಥಡ್‌ನೊಳಗೆ ಸರಿಸಿದರೆ ಸಾಕು. ಡೇಟಾಬೇಸ್ ಸಂಪರ್ಕಗಳ ಕೊಳ, ಸೆಟ್ಟಿಂಗ್‌ಗಳು, ಸೇವೆ ಒದಗಿಸುವ ಇತರ ಆಬ್ಜೆಕ್ಟುಗಳು ಹೀಗೆ ಆರಂಭದಲ್ಲಿ ಒಮ್ಮೆ ಹೊಂದಿಸಿ ಆಮೇಲೆ ಬದಲಿಸದವುಗಳನ್ನು ಇನ್‌ಸ್ಟನ್ಸ್ ವೇರಿಯಬಲ್ಲಿನಲ್ಲಿ ಇಡಲು ಅಡ್ಡಿಯಿಲ್ಲ. ಜಾವಾದಲ್ಲಿ ಅವನ್ನು ‘ಫೈನಲ್’ ಎಂದು ಘೋಷಿಸುವುದು ವಾಡಿಕೆ.

ನಿಜವಾಗಿಯೂ ಹಂಚಿಕೊಳ್ಳಲೇಬೇಕಾದ ಎಣಿಕೆ, ಕ್ಯಾಶೆಗಳಿಗೆ ಜಾವಾ 5ರಿಂದ ‘ಅಟಾಮಿಕ್ ಇಂಟಿಜರ್’, ‘ಕನ್‌ಕರೆಂಟ್ ಹ್ಯಾಶ್‌ಮ್ಯಾಪ್’ ಮೊದಲಾದವು ಲಭ್ಯ. ‘ವೊಲಟೈಲ್’ ಎಂಬ ಗುರುತು ಬರೆದದ್ದು ಇತರರಿಗೆ ಕಾಣುವಂತೆ ಮಾಡುತ್ತದೆ, ಓದಿ-ಕೂಡಿಸಿ-ಬರೆಯುವುದನ್ನು ಒಂದೇ ಕೆಲಸವಾಗಿಸುವುದಿಲ್ಲ. ‘ಸಿಂಕ್ರೊನೈಸ್ಡ್’ ಬೀಗ ಹಾಕಿದರೆ ಎರಡೂ ಆಗುತ್ತದೆ. ಆದರೆ ಇಡೀ ಹ್ಯಾಂಡ್ಲರಿಗೆ ಬೀಗ ಹಾಕಿ, ಒಳಗೆ ಡೇಟಾಬೇಸಿಗೆ ಕಾಯುತ್ತ ಕೂತರೆ 200 ಥ್ರೆಡ್‌ಗಳಿದ್ದೂ ಒಂದೇ ಕೆಲಸ ಮಾಡುತ್ತದೆ, ಕೌಂಟರಿನ ಮುಂದೆ ಸಾಲು ಬೆಳೆಯುತ್ತದೆ.

ಬೀಗಕ್ಕೆ ಇನ್ನೊಂದು ಮಿತಿಯಿದೆ: ಅದರ ಆಳ್ವಿಕೆ ಒಂದು ಪ್ರಾಸೆಸ್‌ನೊಳಗೆ ಮಾತ್ರ. ದೊಡ್ಡ ಸೇವೆಗಳು ಹತ್ತಾರು ಸರ್ವರ್‌ಗಳಲ್ಲಿ ಓಡುತ್ತವೆ. ಒಂದರ ಬೀಗ ಇನ್ನೊಂದಕ್ಕೆ ಗೊತ್ತಿರುವುದಿಲ್ಲ. ಆದ್ದರಿಂದ ಅರ್ಜಿ ಸಂಖ್ಯೆ, ಟೆಂಡರಿನ ಬೆಲೆ, ಸರದಿಯ ಕ್ರಮ ಇವುಗಳ ಜವಾಬ್ದಾರಿಯನ್ನು ಡೇಟಾಬೇಸಿಗೆ ವಹಿಸುತ್ತಾರೆ. ಸೀಕ್ವೆನ್ಸ್ ಎಂಬ ಸೌಲಭ್ಯ ಒಂದೇ ಸಂಖ್ಯೆಯನ್ನು ಇಬ್ಬರಿಗೆ ಕೊಡುವುದಿಲ್ಲ. ಯುನೀಕ್ ನಿರ್ಬಂಧ ಎರಡನೆಯ ನಕಲನ್ನು ತಿರಸ್ಕರಿಸುತ್ತದೆ. ‘ಇರುವ ಬೆಲೆಗಿಂತ ಹೆಚ್ಚಿದ್ದರೆ ಮಾತ್ರ ಬದಲಿಸು’ ಎಂಬ ಒಂದೇ ಆದೇಶ ಪರೀಕ್ಷೆ ಮತ್ತು ಬರಹವನ್ನು ಒಟ್ಟಿಗೆ ಕಟ್ಟುತ್ತದೆ. ‘ಭೂಮಿ’ಯಲ್ಲಿ ಮ್ಯುಟೇಶನ್ ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇವಾರಿ ಮಾಡಬೇಕೆಂಬ ನಿಯಮ ತಂತ್ರಾಂಶದೊಳಗೇ ಸೇರಿತ್ತು. ಅಂಥ ನಿಯಮ ನಿಲ್ಲಬೇಕಾದರೆ ಸರದಿ ಎಲ್ಲ ಸರ್ವರ್‌ಗಳಿಗೂ ಸಮಾನವಾದ ಒಂದೆಡೆ ದಾಖಲಾಗಬೇಕು. ಹ್ಯಾಂಡ್ಲರಿನ ನೆನಪು ಅದಕ್ಕೆ ಸಾಲದು.

ಪತ್ತೆ

ಅಮೆರಿಕದ ಮೈಟರ್ ಸಂಸ್ಥೆ ನಿರ್ವಹಿಸುವ ಸಾಫ್ಟ್‌ವೇರ್ ದೌರ್ಬಲ್ಯಗಳ ಪಟ್ಟಿಯಲ್ಲಿ ಈ ದೋಷಕ್ಕೆ ಸಿಡಬ್ಲ್ಯುಇ-488 ಎಂಬ ಸಂಖ್ಯೆಯಿದೆ. ಒಬ್ಬರ ದತ್ತಾಂಶ ತಪ್ಪು ಸೆಷನ್‌ಗೆ ಬಯಲಾಗುವುದು ಅದರ ವಿಷಯ. ಅತಿಥಿ ಪುಸ್ತಕದ ಸರ್ವ್‌ಲೆಟ್ ಒಂದರ ಇನ್‌ಸ್ಟನ್ಸ್ ವೇರಿಯಬಲ್ಲಿನಲ್ಲಿ ಹೆಸರಿಟ್ಟ ಕೋಡೇ ಅಲ್ಲಿನ ಉದಾಹರಣೆ. ಕೋಡನ್ನು ಓಡಿಸದೆಯೇ ಓದಿ ನೋಡುವ ವಿಶ್ಲೇಷಕ ಸಾಧನಗಳು ಸರ್ವ್‌ಲೆಟ್ ಕ್ಲಾಸಿನಲ್ಲಿ ಬದಲಾಗಬಲ್ಲ ವೇರಿಯಬಲ್ ಕಂಡರೆ ಎಚ್ಚರಿಸುತ್ತವೆ. ಗೋ ಭಾಷೆಗೆ 2013ರ 1.1 ಆವೃತ್ತಿಯಿಂದಲೂ ರೇಸ್ ಡಿಟೆಕ್ಟರ್ ಜೊತೆಯಲ್ಲೇ ಬರುತ್ತದೆ. ಪ್ರೋಗ್ರಾಂ ಓಡುವಾಗ ಬೀಗವಿಲ್ಲದೆ ಒಂದೇ ಜಾಗ ಮುಟ್ಟಿದ ಎರಡು ಗೋರೊಟೀನ್‌ಗಳನ್ನು ಅದು ಹೆಸರಿಸುತ್ತದೆ.

ವಿದ್ಯಾರ್ಥಿಗಳು ಇದನ್ನು ಒಂದೇ ಲ್ಯಾಪ್‌ಟಾಪಿನಲ್ಲಿ ಕಣ್ಣಾರೆ ನೋಡಬಹುದು. ಹ್ಯಾಂಡ್ಲರಿನಲ್ಲಿ ಬರೆಯುವ ಮತ್ತು ಓದುವ ಸಾಲುಗಳ ನಡುವೆ ಅರ್ಧ ಸೆಕೆಂಡಿನ ನಿದ್ದೆ ಸೇರಿಸಬೇಕು. ಜೆಮೀಟರ್‌ನಂಥ ಉಚಿತ ಸಾಧನದಿಂದ ಬೇರೆ ಬೇರೆ ಹೆಸರಿನ 50 ಕೋರಿಕೆಗಳನ್ನು ಒಟ್ಟಿಗೆ ಕಳಿಸಿ, ಕಳಿಸಿದ ಹೆಸರು ಉತ್ತರದಲ್ಲಿ ಬಂದ ಹೆಸರಿಗೆ ಹೊಂದುತ್ತದೆಯೇ ಎಂದು ಹೋಲಿಸಬೇಕು. ಉತ್ತರ ಬಂತೇ ಎಂದು ಮಾತ್ರ ನೋಡುವ ಪರೀಕ್ಷೆಯಲ್ಲಿ ಎಲ್ಲವೂ ಪಾಸಾಗುತ್ತವೆ. 2019ರಲ್ಲಿ ಆರಂಭವಾದ ರಾಯಚೂರಿನ ಐಐಐಟಿಯಿಂದ ಹಿಡಿದು ಊರಿನ ಡಿಪ್ಲೊಮಾ ಕಾಲೇಜಿನವರೆಗೆ, ಯಾವ ಪ್ರಯೋಗಾಲಯದಲ್ಲಾದರೂ ಈ ಪ್ರಯೋಗಕ್ಕೆ ವಿಶೇಷ ಯಂತ್ರ ಬೇಕಿಲ್ಲ.

ಇತ್ತೀಚಿನ ಬೆಳವಣಿಗೆ

2023ರ ಸೆಪ್ಟೆಂಬರ್‌ನಲ್ಲಿ ಬಂದ ಜಾವಾ 21ರಲ್ಲಿ ವರ್ಚುವಲ್ ಥ್ರೆಡ್‌ಗಳು ಪೂರ್ಣ ಸೌಲಭ್ಯವಾಗಿ ಸೇರಿದವು. ಇವು ಬಲು ಹಗುರ; ನೂರಾರು ಥ್ರೆಡ್‌ಗಳನ್ನು ಕೊಳದಲ್ಲಿಟ್ಟು ಹಂಚುವ ಬದಲು ಪ್ರತಿ ಕೋರಿಕೆಗೂ ಹೊಸ ಥ್ರೆಡ್ ಹುಟ್ಟಿಸಿ ಬಿಸಾಡಬಹುದು. ಮರುಬಳಕೆ ಇಲ್ಲದ್ದರಿಂದ ಥ್ರೆಡ್‌ಲೋಕಲ್‌ನ ಹಳೆಯ ಉಳಿಕೆಯ ಕಾಟ ತಗ್ಗುತ್ತದೆ. ಹ್ಯಾಂಡ್ಲರ್ ಆಬ್ಜೆಕ್ಟ್ ಮಾತ್ರ ಹಿಂದಿನಂತೆ ಒಂದೇ ಆಗಿದ್ದು, ಅದರೊಳಗೆ ಒಟ್ಟಿಗೆ ನುಗ್ಗುವ ಥ್ರೆಡ್‌ಗಳ ಸಂಖ್ಯೆ ಇನ್ನೂರರಿಂದ ಸಾವಿರಗಳಿಗೆ ಏರಬಹುದು.

ಪೈಥಾನ್‌ನಲ್ಲಿನ ಬದಲಾವಣೆ ಇನ್ನಷ್ಟು ಬುಡಕ್ಕೇ ತಟ್ಟುವಂಥದ್ದು. ಒಂದು ಪ್ರಾಸೆಸ್‌ನಲ್ಲಿ ಒಮ್ಮೆಗೆ ಒಂದೇ ಥ್ರೆಡ್ ಪೈಥಾನ್ ಕೋಡನ್ನು ಓಡಿಸುವಂತೆ ನೋಡಿಕೊಳ್ಳುವ ಜಿಐಎಲ್ ಎಂಬ ಬೀಗ ಅದರಲ್ಲಿ ದಶಕಗಳಿಂದ ಇದೆ. ಮಾಹಿತಿ ಬೆರೆಯುವುದನ್ನು ಅದು ಎಂದೂ ಪೂರ್ತಿ ತಡೆದಿರಲಿಲ್ಲವಾದರೂ, ಥ್ರೆಡ್‌ಗಳು ಅದಲುಬದಲಾಗುವ ಸಂದರ್ಭಗಳನ್ನು ಕಡಿಮೆ ಮಾಡಿ ಎಷ್ಟೋ ಅಜಾಗರೂಕ ಕೋಡಿಗೆ ಮರೆಯಾಗಿತ್ತು. 2024ರ ಅಕ್ಟೋಬರ್‌ನಲ್ಲಿ ಬಿಡುಗಡೆಯಾದ ಪೈಥಾನ್ 3.13ರಲ್ಲಿ ಜಿಐಎಲ್ ಇಲ್ಲದ ಪ್ರಾಯೋಗಿಕ ಆವೃತ್ತಿಯನ್ನೂ ಕೊಡಲಾಯಿತು. ಅದಕ್ಕೆ ದಾಟಿಕೊಳ್ಳುವ ತಂಡಗಳು ಕ್ಲಾಸಿನ ಮಟ್ಟದ ಲಿಸ್ಟ್‌ಗಳು, ಮಾಡ್ಯೂಲಿನ ವೇರಿಯಬಲ್‌ಗಳು, ಕೈಯಿಂದ ಕಟ್ಟಿದ ಕ್ಯಾಶೆಗಳನ್ನು ಒಂದೊಂದಾಗಿ ಮರುಪರಿಶೀಲಿಸಬೇಕಾಗಿದೆ. ಸಿ ಭಾಷೆಯಲ್ಲಿ ಬರೆದ ಹಳೆಯ ಲೈಬ್ರರಿಗಳಿಗೂ ಇದು ಅನ್ವಯಿಸುತ್ತದೆ.